ಹೊಳೆ ದಾಟದ ನೇಮ

ಬತ್ತಿ ಹರಿದವಳು ಕೇಳಿದ್ದಕ್ಕೆ ಉತ್ತರ ಕೊಡಬೇಕು. ನಮ್ಮ ಆಟಕ್ಕೆ ಇದ್ದದ್ದು ಇದೊಂದೇ ಕಟ್ಟಳೆ.

ಬಸದಿಯ ದೀಪಕ್ಕೆ ಬತ್ತಿ ಹೊಸೆದು ಕೊಡುವುದು ನಮ್ಮ ಓಣಿಯ ಹುಡುಗಿಯರ ಪಾಲಿನ ಕೆಲಸ. ಮಧ್ಯಾಹ್ನ ಮುಸುರೆ ತಿಕ್ಕಿ ಆದ ಮೇಲೆ ನಾವು ನಾಲ್ವರು ನಮ್ಮ ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದೆವು. ಬಿಡಿಸಿದ ಹತ್ತಿಯನ್ನು ಬರಿ ಕಣಕಾಲ ಮೇಲೆ ಇಟ್ಟು, ಅಂಗೈಯಿಂದ ಉಜ್ಜುತ್ತ ಎಳೆ ತೆಗೆಯಬೇಕು. ನಡುವೆ ಹರಿಯಿತೋ, ಹರಿದವಳು ಬಲಗೈಯನ್ನು ಬತ್ತಿಯ ರಾಶಿಯ ಮೇಲೆ ಇಟ್ಟುಕೊಂಡು ಕೂಡಬೇಕು. ಉಳಿದವರು ಏನು ಬೇಕಾದರೂ ಕೇಳಬಹುದು. ದೇವರಿಗೆ ಹೋಗುವ ಬತ್ತಿ, ಅದನ್ನು ಮುಟ್ಟಿಕೊಂಡು ಸುಳ್ಳು ಹೇಳುವ ಹಾಗಿಲ್ಲ.

ನಮ್ಮದು ಜಮಖಂಡಿ ಸಂಸ್ಥಾನದ ಹಳ್ಳಿ, ಹುನ್ನೂರಿನ ಹತ್ತಿರ. ಬಡಗಣಕ್ಕೆ ಎರಡು ಹರದಾರಿ ನಡೆದರೆ ಕೃಷ್ಣಾ ಹೊಳೆ. ಆಚೆ ದಂಡೆ ಅಥಣಿ ಸೀಮೆ, ಅದು ಇಂಗ್ರೇಜ್ ಸರಕಾರದ್ದು. ಅಪ್ಪ ಜೋಳ, ಹತ್ತಿ ಬೆಳೆಯುತ್ತಿದ್ದ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ. ನಾನು ಶಾಲೆಗೆ ಎರಡು ವರ್ಷ ಹೋದೆ. ಅಕ್ಷರ ಕೂಡಿಸಿ ಓದಲು ಬಂತು, ಸಾಕು ಎಂದು ಬಿಡಿಸಿದರು. ಈ ಮಾತಿನ ಹೊತ್ತಿಗೆ ನನಗೆ ಹದಿಮೂರು ಇರಬೇಕು. ತಂಗಿ ನನಗಿಂತ ಎರಡು ವರ್ಷಕ್ಕೆ ಸಣ್ಣವಳು. ಮೂರನೆಯವಳು ಬಾಜೂಮನೆಯ ಗೆಳತಿ, ನನ್ನ ವಯಸ್ಸಿನವಳೇ. ಮದುವೆ ಆಗಿತ್ತು, ಆದರೆ ಗಂಡನ ಮನೆಗೆ ಇನ್ನೂ ಕಳಿಸಿರಲಿಲ್ಲ. ನಾಲ್ಕನೆಯವಳು ನೇಕಾರರ ಹುಡುಗಿ. ಅವರಪ್ಪ ಬನಹಟ್ಟಿಯಿಂದ ಬಂದು ನಮ್ಮ ಓಣಿಯಲ್ಲಿ ಎರಡು ಮಗ್ಗ ಹಾಕಿದ್ದ. ಅವಳು ನಮ್ಮ ಬಸದಿಗೆ ಬರುವವಳಲ್ಲ, ಬತ್ತಿಗೆ ಮಾತ್ರ ಬರುತ್ತಿದ್ದಳು.

ಅವಳ ಕೈಯಲ್ಲಿ ಎಳೆ ಹರಿದದ್ದನ್ನು ನಾನು ಕಂಡಿಲ್ಲ. ಹಾಗಾಗಿ ಕೇಳುವವಳು ಯಾವಾಗಲೂ ಅವಳೇ, ಹೇಳುವವರು ನಾವು.

"ಲೇ, ಕೈಗೆ ಏನರ ಅಂಟ ಹಚಗೊಂಡ ಬರತಿಯೇನು?" ಎಂದು ಬಾಜೂಮನೆಯವಳು ರೇಗುತ್ತಿದ್ದಳು.

"ನಮ್ಮ ಮನ್ಯಾಗ ಹುಟ್ಟಿದ ಕೂಸು ಮೊದಲ ಎಳಿ ಹಿಡಿತೈತಿ, ಆಮ್ಯಾಲ ಹಾಲು ಕುಡಿತೈತಿ. ನಿಂದು ಹರೀತು ನೋಡು. ಇಡು ಕೈ. ಹೇಳ ಬೇ, ಗಂಡನ ಮಾರಿ ನೆನಪೈತೇನು?"

"ಇಲ್ಲ. ಬಾಸಿಂಗ ಅಡ್ಡ ಇತ್ತು. ಕಾಲು ನೋಡೇನಿ."

"ಹೆಂಗದಾವ?"

"ಹೆಬ್ಬಟ್ಟು ಬದನಿಕಾಯಿ ಆದಂಗ ಆಗೈತಿ."

"ಹಂಗಾದ್ರ ಕಾಲ ಗುರ್ತು ಹಿಡಕೊಂಡು ಸಂಸಾರ ಮಾಡಾಕಿ ನೀನು. ಸಂತ್ಯಾಗ ತಪ್ಪಿದ್ರ ಎಲ್ಲಾರಿಗೂ ಚಪ್ಪಲಿ ಬಿಡ್ರಿ ಅನ್ನಬೇಕಾಗತೈತಿ."

ತಂಗಿಯದು ಹರಿದಾಗ, ನಿನಗೆ ಏನು ಮಾಡಲು ಬಹಳ ಸೇರುತ್ತದೆ ಎಂದು ಕೇಳಿದರು.

"ಹೊಳ್ಯಾಗ ಕಾಲು ಇಳಿಬಿಟಗೊಂಡು ಕುಂದರಾಕ."

"ಮೀನು ಕಚ್ಚತಾವ."

"ಕಚ್ಚಲಿ ಬಿಡು. ನಾ ಏನ್ ಅವನ್ನ ಕಚ್ಚಂಗಿಲ್ಲಲ್ಲ."

ನನ್ನ ಬತ್ತಿ ಹರಿದ ದಿನ ನೇಕಾರರ ಹುಡುಗಿ ಕೇಳಿದ್ದು ಬೇರೆ. "ದಿನಾ ಬೆಳಿಗ್ಗೆ ಬಸದಿಗೆ ಹೋಗಿ ಕೈ ಮುಗದು ನಿಂದರತಿ. ಒಳಗ ಏನ್ ಬೇಡಕೋತಿ, ಖರೆ ಹೇಳು."

"ಏನೂ ಇಲ್ಲ. ಲಗೂ ಹೊರಗ ಹೋಗಬೇಕಂತ ಅನಸತೈತಿ."

"ಯಾಕ?"

"ಆ ಗ್ವಾಡಿ ನೋಡಿದ್ರ ಅಂಜಿಕಿ ಬರತೈತಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಸದಿಯ ಒಳಗೋಡೆಯ ಮೇಲೆ ನರಕದ ಚಿತ್ರ ಬರೆಸಿದ್ದರು. ಯಾವ ಪಾಪಕ್ಕೆ ಯಾವ ಶಿಕ್ಷೆ ಎಂದು ಸಾಲಾಗಿ ಇತ್ತು. ಒಬ್ಬನನ್ನು ಗರಗಸದಿಂದ ಕೊಯ್ಯುತ್ತಿದ್ದರು, ಒಬ್ಬನನ್ನು ಕಡಾಯಿಯಲ್ಲಿ ಕರಿಯುತ್ತಿದ್ದರು. ಅವಕ್ಕೆಲ್ಲ ನಾನು ಅಂಜುತ್ತಿರಲಿಲ್ಲ. ಕೆಳಗಿನ ಸಾಲಿನಲ್ಲಿ ಒಂದು ಹೊಳೆ ಇತ್ತು, ಕೆಂಪು ಬಣ್ಣದ್ದು. ಅದರಲ್ಲಿ ಮುಳುಗುತ್ತಿದ್ದವರ ಕೈಗಳು ಮಾತ್ರ ಮೇಲೆ ಕಾಣುತ್ತಿದ್ದವು. ಅದನ್ನು ನೋಡಿದರೆ ನನ್ನ ಉಸಿರು ಕಟ್ಟುತ್ತಿತ್ತು. ನಾನು ಏಳು ವರ್ಷದವಳಿದ್ದಾಗ ಆಚೆ ದಂಡೆಯ ಒಂದು ಮದುವೆಗೆ ನಾವೆಯಲ್ಲಿ ಹೋಗುವಾಗ ನಾವೆ ವಾಲಿತು. ನೀರು ಬಾಯಿಗೆ ಬಂತು, ಮೂಗಿಗೆ ಬಂತು. ಅಂಬಿಗ ಕೂದಲು ಹಿಡಿದು ಎಳೆದು ಹಾಕಿದ. ಅಂದಿನಿಂದ ತಲೆಯ ಮೇಲೆ ತಂಬಿಗೆ ನೀರು ಸುರಿದರೂ ನಾನು ಕಿರುಚುತ್ತಿದ್ದೆ. ಮನೆಯವರಿಗೆ ಅದು ಗೊತ್ತಿತ್ತು, ಬೆಳೆದರೆ ಹೋಗುತ್ತದೆ ಎಂದುಕೊಂಡಿದ್ದರು.

ಆ ಬೇಸಿಗೆಯ ಮೊದಲಿಗೆ ನಮ್ಮ ಊರಿಗೆ ದಿಗಂಬರ ಮುನಿಗಳು ಬರುತ್ತಾರೆಂದು ಸುದ್ದಿ ಬಂತು. ಬಸದಿಗೆ ಸುಣ್ಣ ಹೊಡೆದರು, ಓಣಿಗೆ ಸೆಗಣಿ ಸಾರಿಸಿದರು. ನೇಕಾರರ ಹುಡುಗಿ ಬತ್ತಿ ಹೊಸೆಯುತ್ತ, "ನಿಮ್ಮ ಸ್ವಾಮಿಗೋಳು ಬಟ್ಟಿನ ಬಿಟ್ಟಾರಂತ. ಊರ ಮಂದೆಲ್ಲಾ ಅವರ ಮಾತು ಕೇಳಿದ್ರ ನಮ್ಮ ಹೊಟ್ಟಿ ಹೆಂಗ ತುಂಬಬೇಕ ಬೇ?" ಎಂದಳು. ಅವ್ವ ಒಳಗಿನಿಂದ ಗದರಿಸಿದಳು. ಗದರಿಸಿ ತಾನೂ ನಕ್ಕಳು.

ಮುನಿಗಳು ಬಂದರೆ ನಮ್ಮಲ್ಲಿ ಎಲ್ಲರೂ ಅವರ ಮುಂದೆ ನಿಂತು ಏನಾದರೂ ಒಂದನ್ನು ಬಿಡುತ್ತಾರೆ. ಅದಕ್ಕೆ ನೇಮ ಎನ್ನುವುದು. ಒಬ್ಬರು ಗಡ್ಡೆ ಗೆಣಸು ಬಿಡುತ್ತಾರೆ, ಒಬ್ಬರು ಅಷ್ಟಮಿ ಚತುರ್ದಶಿಗೆ ಒಂದು ಊಟ ಬಿಡುತ್ತಾರೆ. ಗಟ್ಟಿ ಮನಸ್ಸಿನವರು ಜೀವಮಾನಕ್ಕೆ ಬಿಡುತ್ತಾರೆ, ಉಳಿದವರು ವರ್ಷಕ್ಕೋ ತಿಂಗಳಿಗೋ. ಬಿಟ್ಟದ್ದನ್ನು ಮತ್ತೆ ಹಿಡಿದರೆ ಪಾಪ. ಹುಡುಗರು ಮಾತ್ರ ತಮಗೆ ಸೇರದ್ದನ್ನು ಹುಡುಕಿ ಬಿಡುತ್ತಿದ್ದರು. ದೊಡ್ಡವರಿಗೆ ಗೊತ್ತಿದ್ದೂ ಸುಮ್ಮನಿರುತ್ತಿದ್ದರು.

"ಈ ಸಲ ಬತ್ತಿ ಹರಿಯೂದು ಬ್ಯಾಡ," ಎಂದಳು ನೇಕಾರರ ಹುಡುಗಿ. "ಎಲ್ಲಾರೂ ಕೈ ಇಡ್ರಿ. ಯಾರ್ಯಾರು ಏನೇನ್ ಬಿಡತೀರಿ ಹೇಳ್ರಿ."

"ಹಾಗಲಕಾಯಿ," ಎಂದಳು ಬಾಜೂಮನೆಯವಳು.

"ಅಕ್ಕನ ಕೂಡ ಜಗಳ ತಗಿಯೂದು. ಎಂಟು ದಿನ," ಎಂದಳು ತಂಗಿ.

ನಾನು ಸ್ವಲ್ಪ ವಿಚಾರ ಮಾಡಿ, "ನಾ ಹೊಳಿ ದಾಟೂದು ಬಿಡತೇನಿ," ಎಂದೆ.

"ಶ್ಯಾಣ್ಯಾಕಿ ಅದಿ ನೋಡು! ಅಂಜಬುರುಕಿ ಇದ್ದಾಕಿ ನೇಮಸ್ತಿ ಆಗಾಕ ಹೊಂಟಾಳ," ಎಂದಳು ಬಾಜೂಮನೆಯವಳು.

"ಮತ್ತ ಹಾಗಲಕಾಯ್ಯಾಗ ಏನ್ ದೊಡ್ಡ ತ್ಯಾಗ ಐತಿ?" ಎಂದು ನಾನು ಅಂದೆ. ಬಹಳ ನಕ್ಕೆವು. ನಗೆಯ ಮಾತು ನಗೆಯಲ್ಲೇ ಮುಗಿಯಿತು ಎಂದುಕೊಂಡೆ. ಬದನೆಕಾಯಿ ಬಿಡು ಎಂದು ಅವ್ವ ಹೇಳಿಕೊಟ್ಟಿದ್ದಳು. ಅದನ್ನೇ ಹೇಳುವುದೆಂದು ನಾನೂ ಇದ್ದೆ.

ಆ ದಿನ ಬಸದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುನಿಗಳು ಹಲಗೆಯ ಮೇಲೆ ಕೂತಿದ್ದರು. ಮುದುಕರು, ಬಡಕಲು ಮೈ, ಪಕ್ಕದಲ್ಲಿ ನವಿಲುಗರಿಯ ಕುಂಚ. ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಅವರ ಕಣ್ಣು ನೋಡಿದ ಮೇಲೆ ಆಗಲಿಲ್ಲ, ಹೆದರಿಕೆಯಾಯಿತು. ನಾವು ಸಾಲಿನಲ್ಲಿ ಮುಂದೆ ಸರಿದೆವು. ಬಾಜೂಮನೆಯವಳು ಹಾಗಲಕಾಯಿ ಬಿಟ್ಟಳು. ತಂಗಿ ಜಗಳ ಬಿಟ್ಟಳು, ಎಂಟು ದಿನ ಎಂದಾಗ ಹೆಂಗಸರೆಲ್ಲ ನಕ್ಕರು. ಆಮೇಲೆ ನಾನು. ಮುನಿಗಳ ಬೆನ್ನ ಹಿಂದೆಯೇ ಆ ಗೋಡೆ. ನಾನು ತಲೆ ಎತ್ತಿದ ಕೂಡಲೇ ಕೆಂಪು ಹೊಳೆ, ಕೈಗಳು. ಬದನೆಕಾಯಿ ಎಂಬ ಮಾತು ಬಾಯಿಗೆ ಬರಲೇ ಇಲ್ಲ.

"ಲಗೂ ಹೇಳ ತಂಗಿ, ಹಿಂದ ಮಂದಿ ನಿಂತಾರ," ಎಂದರು ಪೂಜೆ ಮಾಡುವ ಉಪಾಧ್ಯರು.

"ಹೊಳಿ ದಾಟೂದು," ಎಂದೆ.

ಮುನಿಗಳು ನಗಲಿಲ್ಲ. "ಯಾವ ಹೊಳಿ?"

"ಯಾವದೂ ದಾಟಂಗಿಲ್ಲರಿ."

"ಎಷ್ಟು ದಿನ?"

ತಂಗಿಯನ್ನು ಕಂಡು ನಕ್ಕವರು ನನ್ನನ್ನೂ ನೋಡುತ್ತಿದ್ದರು. ದೊಡ್ಡವಳು, ನಾನು ಎಂಟು ದಿನ ಎಂದರೆ ಹೇಗೆ? "ಸಾಯೂ ತನಕಾ," ಎಂದೆ.

"ವಿಚಾರ ಮಾಡಿ ಹೇಳಾಕತ್ತಿಯೇನು, ಮಗಳ?"

"ಹೂಂರಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಕುಂಚ ಎತ್ತಿ ಹರಸಿದರು. ಆಗಿಹೋಯಿತು. ಅವ್ವ ಆಗ ಮುನಿಗಳಿಗೆ ಆಹಾರ ಕೊಡುವ ಮನೆಯಲ್ಲಿ ಕೆಲಸಕ್ಕೆ ಹೋಗಿದ್ದಳು, ಅಪ್ಪ ಗಂಡಸರ ಕಡೆ ಇದ್ದ. ನನ್ನ ಸಣ್ಣ ದನಿ ಆ ಗದ್ದಲದಲ್ಲಿ ಹಿಂದಿನ ಹೆಂಗಸರಿಗೂ ಕೇಳಿರಲಿಲ್ಲ. ಮನೆಗೆ ಬಂದಾಗ ಅವ್ವ, ಬದನೆಕಾಯಿ ಬಿಟ್ಟೆಯಾ ಎಂದು ಕೇಳಿದಳು. ಹೂಂ ಎಂದೆ. ತಂಗಿ ನನ್ನ ಮುಖ ನೋಡಿದಳು, ಸುಮ್ಮನಿದ್ದಳು. ಜಗಳ ಬಿಟ್ಟಿದ್ದಳಲ್ಲ. ಮುನಿಗಳು ನಾಲ್ಕು ದಿನ ಇದ್ದು, ಹೊಳೆ ಇಳಿದಿದ್ದ ಕಡೆ ನಡೆದೇ ದಾಟಿ ಆಚೆ ದಂಡೆಗೆ ಹೋದರು.

ಮೂರು ತಿಂಗಳು ನಾನು ಹಾಯಾಗಿದ್ದೆ. ಇನ್ನು ಯಾರೂ ನನ್ನನ್ನು ನಾವೆಯಲ್ಲಿ ಕೂಡಿಸುವ ಹಾಗಿಲ್ಲ ಎಂಬುದೇ ಹಾಯಿ. ಕಾರಹುಣ್ಣಿಮೆಯ ನಂತರ ಅಪ್ಪ ತೇರದಾಳದ ಸಂತೆಗೆ ಹೋದವನು ನನ್ನ ಮದುವೆಯ ಮಾತು ಮುಗಿಸಿ ಬಂದ. ಮನೆತನ ಒಳ್ಳೆಯದು, ಎರಡು ಬಾವಿಯ ತೋಟ, ಹುಡುಗ ಒಬ್ಬನೇ. ಮಾತು ಕೊಟ್ಟು ಬಂದೆ ಎಂದ. ಅವ್ವ ಊರು ಯಾವುದು ಎಂದಳು. ಅಪ್ಪ ಹೇಳಿದ ಊರು ಹೊಳೆಯ ಆಚೆಯದು.

ನನ್ನ ಕೈಯಲ್ಲಿ ಜೋಳ ಕೇರುವ ಮೊರ ಇತ್ತು. ಕೇರುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅವ್ವ ತಿರುಗಿ ನೋಡುತ್ತಾಳೆ. ಜೋಳವೆಲ್ಲ ನೆಲಕ್ಕೆ ಬಿತ್ತು.

ಮರುದಿನ ಬತ್ತಿಗೆ ಕೂತಾಗ ಮೂವರೂ ನನ್ನ ಸುತ್ತ ಕೂತರು. ಅಂದು ಯಾರೂ ಹತ್ತಿ ಮುಟ್ಟಲಿಲ್ಲ.

"ಬ್ಯಾಸಗ್ಯಾಗ ಮದುವಿ ಮಾಡ್ರಿ ಅನ್ನು," ಎಂದಳು ಬಾಜೂಮನೆಯವಳು. "ನೀರ ಇರಂಗಿಲ್ಲ. ಉಸುಕಿನ ಮ್ಯಾಲ ನಡದ್ರ ಹೊಳಿ ದಾಟಿದಂಗ ಆಗಂಗಿಲ್ಲ."

"ಮತ್ತೇನ್ ಬಾವಿ ದಾಟಿದಂಗ ಆಗತೈತೇನು?" ಎಂದಳು ನೇಕಾರರ ಹುಡುಗಿ. "ನಮ್ಮ ದೇವರಿಗೆ ಆಗಿದ್ರ ಒಂದ ಕಾಯಿ ಒಡದು ತಪ್ಪಾತು ಅಂದ್ರ ಮುಗೀತು. ನಿಮ್ಮವರು ಕಾಯಿಗೂ ಬಗ್ಗಂಗಿಲ್ಲ, ಹಣ್ಣಿಗೂ ಬಗ್ಗಂಗಿಲ್ಲ."

"ಅಪ್ಪಗ ಹೇಳೋಣು," ಎಂದಳು ತಂಗಿ.

"ಹೇಳಿದ್ರ ನಿನ್ನ ಕಾಲು ಮುರೀತೇನಿ," ಎಂದೆ ನಾನು.

ಒಂದೂವರೆ ತಿಂಗಳು ಹಾಗೇ ಕಳೆದೆ. ಹೇಳಿದರೆ ಅಪ್ಪ ಕೊಟ್ಟ ಮಾತು ಮುರಿಯುತ್ತದೆ. ಹೇಳದಿದ್ದರೆ ನಾವೆಯಲ್ಲಿ ಕೂಡಬೇಕು. ಕೂತರೆ ಈ ಹೊಳೆಯಲ್ಲಿ ಮುಳುಗುತ್ತೇನೆ, ಇದರಲ್ಲಿ ಉಳಿದರೆ ಸತ್ತ ಮೇಲೆ ಆ ಹೊಳೆಯಲ್ಲಿ ಮುಳುಗುತ್ತೇನೆ. ರೊಟ್ಟಿ ಬಾಯಲ್ಲಿ ತಿರುಗುತ್ತಿತ್ತು, ಇಳಿಯುತ್ತಿರಲಿಲ್ಲ. ಅವ್ವ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬಂತು, ದೃಷ್ಟಿ ಇಲ್ಲ ಎಂದಳು. ಮದುವೆ ಎಂದರೆ ಹುಡುಗಿಯರು ಹೀಗೇ ಎಂದು ಬಿಟ್ಟುಬಿಟ್ಟಳು.

ಪಂಚಮಿ ಆದ ಮೇಲೆ ಮಳೆ ನಿಂತು ಹೊಳೆ ಸ್ವಲ್ಪ ತಗ್ಗಿದಾಗ ಹುಡುಗನ ಕಡೆಯವರು ನನ್ನನ್ನು ನೋಡಲು ಬಂದರು. ಮಾತು ಮೊದಲೇ ಆಗಿತ್ತು, ಇದು ಹೆಂಗಸರ ಸಮಾಧಾನಕ್ಕೆ. ಹುಡುಗನ ಸೋದರತ್ತೆ ಮುಂದೆ ಕೂತಳು. ದೊಡ್ಡ ಕುಂಕುಮ, ದೊಡ್ಡ ದನಿ, ನಗೆಯ ಹೆಂಗಸು. ನನ್ನನ್ನು ಎದುರಿಗೆ ಕೂಡಿಸಿಕೊಂಡಳು.

"ಹಾಡು ಬರತಾವೇನು?"

"ಇಲ್ಲರಿ."

"ಛಲೋ ಆತು. ನಮ್ಮ ಮನ್ಯಾಗ ನಾ ಒಬ್ಬಾಕಿ ಹಾಡಾಕಿ ಸಾಕಾಗೇನಿ. ಕೆಲಸ ಬಿಟ್ಟು ಏನ್ ಮಾಡಾಕ ಸೇರತೈತಿ?"

"ಬತ್ತಿ ಹೊಸಿಯೂದು."

"ಜಗಳ ಆಡತಿಯೇನು?"

"ತಂಗಿ ಕೂಡ ಅಷ್ಟ."

ಎಲ್ಲರೂ ನಗುತ್ತಿದ್ದರು. ಅವ್ವನ ಮುಖ ಅರಳಿತ್ತು. ನನಗೂ ಒಂದು ಗಳಿಗೆ ಈ ಹೆಂಗಸಿನ ಮನೆಗೆ ಹೋದರೆ ಆದೀತು ಎನ್ನಿಸಿತು. ಆಗ ಅವಳು ಕೇಳಿದಳು, "ನೇಮ ಏನೇನ ಅದಾವವ್ವ?"

ನಮ್ಮವರು ಇದನ್ನು ಕೇಳಿಯೇ ಕೇಳುತ್ತಾರೆ. ಸೊಸೆ ಏನು ತಿನ್ನುವುದಿಲ್ಲ ಎಂಬುದು ಅಡುಗೆಮನೆಗೆ ಗೊತ್ತಿರಬೇಕು. ನಾನು ಇದನ್ನು ವಿಚಾರ ಮಾಡಿರಲಿಲ್ಲ. ಅವ್ವ ನನ್ನ ಪರವಾಗಿ, "ಬದನಿಕಾಯಿ ಬಿಟ್ಟಾಳರಿ," ಎಂದಳು. ತಂಗಿ ಬಾಗಿಲ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು.

"ಹೊಳಿ ಬಿಟ್ಟೇನ್ರಿ," ಎಂದೆ.

"ಏನ್ ಬಿಟ್ಟಿ?"

"ಹೊಳಿ ದಾಟೂದು. ಸಾಯೂ ತನಕಾ. ಮುನಿಗೋಳ ಮುಂದ."

ನಗೆ ನಿಂತಿತು. ಹೊರಗೆ ಕೂತಿದ್ದ ಅಪ್ಪ ಎದ್ದು ಬಾಗಿಲಿಗೆ ಬಂದ. "ಏನಂದಿ?" ನಾನು ಮತ್ತೆ ಹೇಳಿದೆ. ಅಪ್ಪ ಕೈ ಎತ್ತಿದ. ಬೀಗರ ಮುಂದೆ ಹೊಡೆಯಲಾಗಲಿಲ್ಲ, ಕೈ ಹಾಗೇ ಇಳಿಯಿತು. ಸೋದರತ್ತೆ ಬಾಯಿಗೆ ಹಾಕಿಕೊಳ್ಳಲಿದ್ದ ಬೆಲ್ಲವನ್ನು ತಾಟಿಗೆ ತಿರುಗಿ ಇಟ್ಟಳು.

"ನೇಮದ ಹುಡಿಗಿನ್ನ ಎಳಕೊಂಡು ಹೋಗಿ ಆ ಪಾಪ ನಾವು ಕಟಗೊಳ್ಳಂಗಿಲ್ಲರಿ," ಎಂದಳು ಅಪ್ಪನಿಗೆ. ಸಿಟ್ಟಿನಿಂದ ಅಲ್ಲ, ಸಾದಾ ಮಾತಿನಲ್ಲಿ. "ಕೊಟ್ಟವರ ಕಡಿಂದ ಬಿಡಿಸಿಕೊಂಡು ಬರ್ರಿ. ನಾವು ಕಾಯತೇವಿ. ಕೊಟ್ಟ ಮಾತು ನಮ್ಮ ಕಡಿಂದ ಹೋಗಂಗಿಲ್ಲ."

ಬಿಡಿಸಿಕೊಂಡು ಬರುವುದು ಹೇಗೆ? ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ, ಅಲ್ಲಿಂದ ಕದಲುವುದಿಲ್ಲ. ಅವರು ನಿಂತಿದ್ದ ಊರು ಹೊಳೆಯ ಆಚೆ. ದಾಟದ ನೇಮ ಬಿಡಿಸಿಕೊಳ್ಳಲು ದಾಟಿ ಹೋಗಬೇಕಾಗಿತ್ತು. ಉಪಾಧ್ಯರು ತಲೆ ಕೆರೆದುಕೊಂಡು, ಇದು ನನ್ನ ಕೈ ಮೀರಿದ ಮಾತು ಎಂದರು. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಗಾಗುವ ಮುಂಚೆ ಎಬ್ಬಿಸಿ, "ನಾ ಹೋಗಿ ಕೇಳತೇನಿ. ನೀ ದಂಡಿ ತನಕಾ ಬಾ. ಅವರು ಹೂಂ ಅಂದ್ರ ಅಲ್ಲೇ ನಾವಿ ಹತ್ತಿಸಿ ಅವರ ಕಾಲಿಗೆ ಬೀಳಸತೇನಿ," ಎಂದ.

ನಡೆದೆವು. ಮೇಲೆ ಎಲ್ಲಿಯೋ ಮಳೆಯಾಗಿತ್ತು, ಹೊಳೆ ಮತ್ತೆ ಏರಿತ್ತು. ನೀರು ಕೆಂಪಗೆ, ಎರಡೂ ದಂಡೆಯ ಹೊಲ ನುಂಗಿ ಹರಿಯುತ್ತಿತ್ತು. ಗೋಡೆಯ ಮೇಲೆ ಬರೆದವನು ಈ ಬಣ್ಣವನ್ನು ಇಲ್ಲಿಯೇ ನೋಡಿ ಹೋಗಿರಬೇಕು ಎನ್ನಿಸಿತು. ನಾವೆಯಲ್ಲಿ ಇನ್ನಿಬ್ಬರು ಮಾತ್ರ ಇದ್ದರು.

"ಇವತ್ತು ಬ್ಯಾಡ್ರಿ ಸಾವಕಾರ. ನಾಕ ದಿನ ಬಿಟ್ಟು ಬರ್ರಿ," ಎಂದ ಅಂಬಿಗ.

"ಅವರಿಬ್ಬರೂ ಹೊಂಟಾರಲ್ಲ?"

"ಅವರಿಗೆ ಈಜು ಬರತೈತ್ರಿ. ನಿಮಗ?"

ಅಪ್ಪ ನಾವೆ ಹತ್ತಿ ಕೂತ. ಅಪ್ಪನಿಗೆ ಈಜು ಬರುವುದಿಲ್ಲ ಎಂಬುದನ್ನು ನಾನು ಅಂದೇ ತಿಳಿದದ್ದು. ನಾವೆಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ. ನೀರಿನ ಅಂಜಿಕೆ ನನ್ನೊಬ್ಬಳದೇ ಅಲ್ಲ ಎಂದು ಆಗ ತಿಳಿಯಿತು.

ನಾವೆ ನೇರ ಹೋಗಲಿಲ್ಲ. ಸೆಳವು ಅದನ್ನು ಕೆಳಕ್ಕೆ ಒಯ್ಯಿತು. ನಡುಹೊಳೆಯಲ್ಲಿ ಬೇರು ಸಮೇತ ಒಂದು ಮರ ತೇಲಿ ಬಂತು. ನಾವೆ ಒಮ್ಮೆ ಸುತ್ತು ತಿರುಗಿದ್ದು ಕಂಡಿತು, ಯಾರೋ ಕೂಗಿದ್ದು ಕೇಳಿತು. ಆಮೇಲೆ ತಿರುವಿನ ಜಾಲಿಗಿಡಗಳ ಹಿಂದೆ ಎಲ್ಲವೂ ಮರೆಯಾಯಿತು. ನಾನು ದಂಡೆಯುದ್ದಕ್ಕೂ ಓಡಿದೆ. ಹೊಲದಲ್ಲಿ ನೀರು ನಿಂತಿತ್ತು, ಹಿಮ್ಮಡಿಗೆ ನೀರು ತಾಗಿದ ಕೂಡಲೇ ನಿಂತುಬಿಟ್ಟೆ. ಅಪ್ಪ ಮುಳುಗುತ್ತಿದ್ದರೂ ನಾನು ಒಂದು ಹೆಜ್ಜೆ ಮುಂದಿಡಲಾರೆ. ಅದು ನನಗೆ ಅಲ್ಲಿಯೇ ಖಾತ್ರಿಯಾಯಿತು.

ಗುಡಿಸಲ ಮುಂದೆ ಅಂಬಿಗನ ಹೆಂಡತಿ ಬಲೆ ಬಿಚ್ಚಿ ಒಣಹಾಕುತ್ತಿದ್ದಳು. ನಾನು ಅಳುತ್ತಿದ್ದೆ.

"ಅಳಬ್ಯಾಡ," ಎಂದಳು. "ಅದರಾಗ ನನ್ನ ಗಂಡನೂ ಅದಾನ. ನಾ ಅಳಾಕತ್ತೇನೇನು?"

"ತಿರುವಿನ್ಯಾಗ ಏನಾತು ಕಾಣಲಿಲ್ಲ."

"ನನಗೂ ಕಾಣಲಿಲ್ಲ. ಕುಂದರು."

ಕೂತೆ. ಅವಳು ಹುರಿದ ಶೇಂಗಾ ಕೊಟ್ಟಳು, ಕೈಯಲ್ಲೇ ಇಟ್ಟುಕೊಂಡೆ. ಹೊತ್ತು ನೆತ್ತಿಗೆ ಬಂತು, ಇಳಿಯಿತು. ನೀರಿನಲ್ಲಿ ಏನು ಕಪ್ಪಗೆ ತೇಲಿ ಬಂದರೂ ನಾನು ಎದ್ದು ನಿಲ್ಲುತ್ತಿದ್ದೆ. ಕೊಂಬೆ, ಸತ್ತ ಕುರಿ, ಯಾರದೋ ಹೊಲದ ಹುಲ್ಲಿನ ಹೊರೆ. ಪ್ರತಿ ಸಲ ಎದ್ದಾಗಲೂ ಅವಳು ನನ್ನನ್ನು ನೋಡುತ್ತಿದ್ದಳು. "ನೀರಿಗೆ ಇಷ್ಟ ಅಂಜತಿಯಲ್ಲ, ನಿನ್ನ ಆಚಿಗೆ ಕೊಡಾಕ ಹೊಂಟಾರೇನು?" ಎಂದು ಕೇಳಿದಳು. ನಾನು ನೀರನ್ನೇ ನೋಡುತ್ತಿದ್ದೆ. ಅಪ್ಪ ಸತ್ತಿದ್ದಾನೆ, ನಾನೇ ಕೊಂದದ್ದು, ಮನೆಗೆ ಹೋಗಿ ಅವ್ವನಿಗೆ ಹೇಗೆ ಹೇಳುವುದು. ಇಡೀ ದಿನ ಇದೊಂದೇ ನನ್ನ ತಲೆಯಲ್ಲಿ.

ಹೊತ್ತು ಮುಳುಗಲು ಒಂದು ಮಾರು ಇದ್ದಾಗ ನಾವೆ ಮೇಲಿನ ಕಡೆಯಿಂದ ಬಂತು. ಅಪ್ಪ ಇಳಿದ. ಪಟಕ ಇರಲಿಲ್ಲ, ಎದೆಯವರೆಗೆ ತೋಯ್ದಿದ್ದ, ತುಟಿ ಬೆಳ್ಳಗಾಗಿದ್ದವು. ಹೋಗುವಾಗ ಮರ ಬಡಿದು ನೀರು ಒಳಗೆ ಬಂದಿತ್ತಂತೆ. ದಂಡೆಯ ಮೇಲೆ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡ. ಎರಡೂ ಕೈ ನನ್ನ ಭುಜದ ಮೇಲೆ ಇಟ್ಟ.

"ಮುನಿಗೋಳಿಗೆ ನೀ ನೆನಪದಿ," ಎಂದ. "ಅವರಂದ್ರು, ಬಿಡಿಸೂದು ನನ್ನ ಕೈಯಾಗಿಲ್ಲ, ಅಕಿ ಕೈಯಾಗೈತಿ. ನೀರಿಗೆ ಅಂಜಿ ಬಿಟ್ಟಿದ್ರ ಅದು ನೇಮಲ್ಲ, ಬರೇ ಅಂಜಿಕಿ. ದಾಟಿದ್ರ ಪಾಪ ಬರಂಗಿಲ್ಲ. ಮನಸು ಮಾಡಿ ದೇವರ ಮುಂದ ಬಿಟ್ಟಿದ್ರ ನಾನೂ ಬಿಚ್ಚಾಕ ಬರಂಗಿಲ್ಲ. ಅಕಿನ್ನ ಕೇಳು ಅಂದ್ರು."

ನಾನು ಕೈಯಲ್ಲಿದ್ದ ಶೇಂಗಾ ನೆಲಕ್ಕೆ ಬಿಟ್ಟೆ.

"ಹೊಡಿಯಂಗಿಲ್ಲ, ಬೈಯಂಗಿಲ್ಲ. ಅಂಜಿ ಬಿಟ್ಟಿದ್ರ ಅಂಜಿ ಬಿಟ್ಟೆ ಅನ್ನು. ನಾಳಿಗೆ ಬೀಗರಿಗೆ ಹೇಳಿ ಕಳಸತೇನಿ. ಹೇಳ ಯವ್ವಾ, ಯಾವದು?"

ಅವನ ಬೆನ್ನ ಹಿಂದೆ ನಾವೆ ಇತ್ತು. ತಳದಲ್ಲಿ ಇನ್ನೂ ನೀರು ಆಡುತ್ತಿತ್ತು. ನಿಜ ಹೇಳಿದರೆ ಅದರಲ್ಲಿ ಕೂಡಬೇಕು. ಹೋಗುವಾಗ ಒಮ್ಮೆ, ಪ್ರತಿ ಹಬ್ಬಕ್ಕೆ ತವರಿಗೆ ಬರುವಾಗ ಒಮ್ಮೆ, ಮತ್ತೆ ಹೋಗುವಾಗ ಒಮ್ಮೆ.

"ದೇವರ ಮುಂದ ಬಿಟ್ಟೇನಿ," ಎಂದೆ.

ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ತಲೆಯ ಮೇಲೆ ಕೈ ಇಟ್ಟ. "ನಿನಗ ನಾ ಕೈ ಎತ್ತಿದ್ದೆ," ಎಂದ. ಅವನ ಕಣ್ಣು ತುಂಬಿತ್ತು. ಅಂಬಿಗನ ಹೆಂಡತಿ ನಾವೆಯ ಹಗ್ಗ ಕಟ್ಟುತ್ತ ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ಒಮ್ಮೆ ನೋಡಿ, ಹಗ್ಗದ ಗಂಟು ಬಿಗಿದು ಒಳಗೆ ಹೋದಳು.

ಸುಳ್ಳು ಹೇಳಿದ್ದು ಅದೇ ಮೊದಲಲ್ಲ. ಆದರೆ ಹಿಂದಿನವು ಹೇಳಿದ ಜಾಗದಲ್ಲೇ ಸತ್ತಿದ್ದವು. ಇದು ಬೆಳೆಯಿತು. ಅಪ್ಪ ಓಣಿಯಲ್ಲಿ ಹೇಳಿದ, ಉಪಾಧ್ಯರು ಬಸದಿಯಲ್ಲಿ ಹೇಳಿದರು. ಹದಿಮೂರು ವರ್ಷದ ಹುಡುಗಿಯ ಗಟ್ಟಿತನ ನೋಡಿರಿ ಎಂದು ಹೆಂಗಸರು ತಮ್ಮ ಮಕ್ಕಳಿಗೆ ನನ್ನನ್ನು ತೋರಿಸಿದರು. ನೇಕಾರರ ಹುಡುಗಿ ಮಾತ್ರ, "ಲೇ, ಕೈ ಇಟ್ಟು ಹೇಳು," ಎಂದಳು. ನಾನು ಎದ್ದು ಒಳಗೆ ಹೋದೆ. ಆಮೇಲೆ ಬತ್ತಿಗೆ ಕೂಡಲಿಲ್ಲ.

ಅಪ್ಪ ಕೊಟ್ಟ ಮಾತು ಉಳಿಯಬೇಕಾಗಿತ್ತು. ದೀಪಾವಳಿಯ ನಂತರ ತಂಗಿಯನ್ನು ಆ ಮನೆಗೆ ಕೊಟ್ಟರು. ಅವಳಿಗೆ ಹನ್ನೊಂದು ತುಂಬಿ ಹನ್ನೆರಡು. ನನ್ನದು ನೇಮ ಅಲ್ಲ, ಅಂಜಿಕೆ ಎಂದು ಅವಳಿಗೆ ಗೊತ್ತಿತ್ತು. ಮದುವೆಯ ಅರಿಸಿನ ಹಚ್ಚುವಾಗ ನಾವಿಬ್ಬರೇ ಇದ್ದೆವು. ಈಗ ಹೇಳುತ್ತಾಳೆ, ಈಗ ಎಲ್ಲರನ್ನೂ ಕರೆಯುತ್ತಾಳೆ ಎಂದು ನನ್ನ ಕೈ ತಣ್ಣಗಾಗಿತ್ತು. ಅವಳು, "ಕೈ ಭಾಳ ತಣ್ಣಗೈತೆಕ್ಕಾ, ಬೆನ್ನಿಗೆ ಹಚ್ಚಬ್ಯಾಡ," ಎಂದಳು, ಅಷ್ಟೆ.

ನನ್ನನ್ನು ಬೀಳಗಿಯ ಕಡೆ ಕೊಟ್ಟರು. ನಡುವೆ ಹೊಳೆ ಇಲ್ಲ ಎಂದು ನೋಡಿಯೇ ಕೊಟ್ಟದ್ದು. ನಮ್ಮ ಸೀಮೆಗೆ ಮೇಲೆ ಕೃಷ್ಣೆ, ಕೆಳಗೆ ಘಟಪ್ರಭೆ. ನನ್ನ ಜೀವಮಾನವೆಲ್ಲ ಆ ಎರಡರ ನಡುವಿನ ನೆಲದಲ್ಲೇ ಆಯಿತು. ಮುಧೋಳದ ಪೇಟೆ ನೋಡಿದ್ದೇನೆ, ಬಾಗಲಕೋಟೆ ನೋಡಿಲ್ಲ. ಗಂಡನ ಮನೆಯವರು ನನ್ನ ನೇಮವನ್ನು ನನಗಿಂತ ಹೆಚ್ಚು ಕಾದರು. ಅತ್ತೆ ಸಾಯುವವರೆಗೆ, ನಮ್ಮ ಸೊಸೆ ಸಾದಾ ಹೆಣ್ಣಲ್ಲ ಎನ್ನುತ್ತಿದ್ದಳು. ಅವಳು ಹಾಗೆ ಅಂದಾಗಲೆಲ್ಲ ಆ ಅಂಬಿಗನ ಹೆಂಡತಿ ಬಾಗಿಲಿಗೆ ಬಂದು ನಿಂತಳೇನೋ ಎಂದು ತಿರುಗಿ ನೋಡುತ್ತಿದ್ದೆ.

ಸಂಸ್ಥಾನಗಳು ಹೋಗುವ ಹಿಂದಿನ ಮಳೆಗಾಲ, ತಂಗಿ ಹಡೆದು ಜ್ವರ ಹತ್ತಿದೆ, ಉಳಿಯುವ ಹಾಗೆ ಕಾಣುವುದಿಲ್ಲ ಎಂದು ಸುದ್ದಿ ಬಂತು. ಗಾಡಿ ಕಟ್ಟಿಸಿಕೊಂಡು ತವರಿಗೆ ಹೋದೆ, ಅಲ್ಲಿಂದ ಹೊಳೆಗೆ. ಅಪ್ಪ ಮುದುಕನಾಗಿದ್ದ, ಅವ್ವ ಹೋಗಿಬಿಟ್ಟಿದ್ದಳು. ಅಪ್ಪ ಕೋಲು ಹಿಡಿದು ನನ್ನ ಜೊತೆ ದಂಡೆಗೆ ಬಂದ. ತಾನು ಹೋಗಿ ಬರುತ್ತೇನೆ, ನೀನು ಇಲ್ಲೇ ಇರು ಎಂದ. ನಾನು ಒಂದು ಕಾಲು ನಾವೆಯಲ್ಲಿ ಇಟ್ಟೆ. ನಾವೆ ಅಲುಗಿತು, ನಾನು ಕಾಲು ತೆಗೆಯಲಿಲ್ಲ. ಆ ಹೊತ್ತಿಗೆ ನೀರು ನನಗೆ ದೊಡ್ಡದಾಗಿರಲಿಲ್ಲ. ತಿರುಗಿ ನೋಡಿದೆ. ಅಪ್ಪ ನನ್ನ ಕಾಲನ್ನು ನೋಡುತ್ತಿದ್ದ.

"ಏನ್ ಮಾಡಾಕತ್ತಿ?" ಎಂದ. "ನೇಮ?"

ದಾಟಿದರೆ, ಅಂದು ನೀನು ಸಾಯುವ ನೀರಿನಲ್ಲಿ ಹೋಗಿ ಬಂದದ್ದು ಒಂದು ಸುಳ್ಳಿಗಾಗಿ ಎಂದು ಹೇಳಬೇಕು. ಇಷ್ಟು ವರ್ಷ ನೀನು ಊರ ಮುಂದೆ ಎದೆ ಎತ್ತಿ ಹೇಳಿದ್ದು ಏನೂ ಅಲ್ಲ ಎನ್ನಬೇಕು. ನಾನು ಹೇಳಲಾರದೆ ಕಾಲು ತೆಗೆದೆ. ಅಪ್ಪ ನನ್ನ ಬೆನ್ನು ಸವರಿ, ತಾನು ನಾವೆ ಹತ್ತಿದ. ಅಂದೂ ಎರಡೂ ಕೈಯಿಂದ ಅಂಚು ಹಿಡಿದು ಕೂತಿದ್ದ.

ತಂಗಿ ಮೂರನೆಯ ದಿನ ಹೋದಳು. ಅಪ್ಪ ಬಂದು ಹೇಳಿದ. ಮೊದಲು ನನ್ನನ್ನು ಕೇಳಿದಳಂತೆ. ಆಮೇಲೆ, ಇನ್ನೊಮ್ಮೆ ಆಳು ಕಳಿಸಿ ಕರೆಸೋಣವೇ ಎಂದು ಆ ಸೋದರತ್ತೆ ಕೇಳಿದಾಗ, "ಅಕ್ಕಗ ನೇಮ ಐತಿ, ಕರಿಬ್ಯಾಡ್ರಿ," ಎಂದಳಂತೆ.

ಅದನ್ನು ಹೇಳುವಾಗ ಅಪ್ಪನ ದನಿಯಲ್ಲಿ ದುಃಖವೂ ಇತ್ತು, ಹೆಮ್ಮೆಯೂ ಇತ್ತು. ನಾನು ತಲೆ ಎತ್ತಲಿಲ್ಲ. ನಮ್ಮ ಮನೆಯಲ್ಲಿ ನನ್ನ ನೇಮವನ್ನು ನಂಬದೆ ಇದ್ದವಳು ಅವಳೊಬ್ಬಳೇ. ಅವಳೇ ಅದನ್ನು ಕಾದು ಹೋದಳು.